ಮೇಲಿನ ಕೆರೆಯ ಧರ್ಮ

ತುಂಬಿದ ಕೆರೆಯನ್ನು ಕಂಡು ಸಂತೋಷಪಡದವನು ಬಯಲುಸೀಮೆಯಲ್ಲಿ ಹುಟ್ಟಿದವನಾಗಿರಲಾರನು. ಕೋಲಾರದ ಪ್ರಾಂತದಲ್ಲಿ ಕೆರೆ ತುಂಬಿತೆಂದರೆ ಏರಿಯ ಮೇಲೆ ಗಂಗಮ್ಮನಿಗೆ ಪೂಜೆ ನಡೆಯುವುದು. ಕೋಡಿ ಬಿದ್ದಿತೆಂದರೆ ಊರಿಗೆ ಊರೇ ಹಬ್ಬ ಮಾಡುವುದು. 2018ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ದೊಡ್ಡ ಕೊಳವೆಯಿಂದ ನೀರು ಧುಮುಕಿದಾಗಲೂ ಜನರು ಸಂತೋಷಪಟ್ಟರು. ಆದರೆ ಅದು ಮುಗಿಲಿನಿಂದ ಬಂದ ನೀರಲ್ಲ, ಹೊಳೆಯಿಂದ ಬಂದ ನೀರೂ ಅಲ್ಲ. ಬೆಂಗಳೂರು ಮಹಾನಗರವು ಮಿಂದು, ತೊಳೆದು, ಬಳಸಿ ಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಯಂತ್ರಬಲದಿಂದ ಮೇಲಕ್ಕೆತ್ತಿ ಕಳುಹಿಸಿದ ನೀರು. ಅದರ ಬೆನ್ನಿಗೇ, ಜುಲೈ ತಿಂಗಳಿನಲ್ಲಿ, ಕೆರೆಯ ಮೇಲೆ ಬಿಳಿಯ ನೊರೆ ಕಾಣಿಸಿಕೊಂಡಿತು. ವಿಷಯವು ಉಚ್ಚನ್ಯಾಯಾಲಯದ ಮುಂದೆ ಹೋಯಿತು. ನೀರು ಕೆಲವು ಕಾಲ ನಿಂತು, ಮತ್ತೆ ಹರಿಯತೊಡಗಿತು.

ನೊರೆಯು ಕರಗಿತು, ಅದು ಎತ್ತಿದ ಪ್ರಶ್ನೆ ಮಾತ್ರ ಕರಗಲಿಲ್ಲ. ಈ ಪ್ರಶ್ನೆಯ ವಿಚಾರದಲ್ಲಿ ಜಿಲ್ಲೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡಿವೆ. ಬಂದ ನೀರನ್ನು ಕಣ್ಣಿಗೊತ್ತಿಕೊಂಡು ಸುಮ್ಮನಿರಬೇಕೆಂಬುದು ಒಂದು ಪಕ್ಷ. ಕೊಳಚೆಯನ್ನು ಕೆರೆಯ ಹತ್ತಿರಕ್ಕೂ ಸೇರಿಸಬಾರದೆಂಬುದು ಇನ್ನೊಂದು. ಮೊದಲನೆಯದು ದೈನ್ಯದ ಮಾತು, ಎರಡನೆಯದು ಅವಿಚಾರದ ಮಾತು. ಇವೆರಡರ ಗದ್ದಲದಲ್ಲಿ ಕೇಳಬೇಕಾದ ಮಾತು ಕೇಳದೆ ಹೋಗಿದೆ. ನೀರು ಕೊಡುವ ಸಂಸ್ಥೆಯ ಕರ್ತವ್ಯವು ನಲ್ಲಿಯ ಬಾಯಲ್ಲಿ ಮುಗಿಯುವುದೋ, ಅಥವಾ ಬಳಸಿದ ನೀರು ಇನ್ನೊಬ್ಬರ ಬಳಕೆಗೆ ಯೋಗ್ಯವಾಗಿ ಹೋಗಿ ಸೇರುವವರೆಗೂ ಇರುವುದೋ ಎಂಬುದೇ ಆ ಮಾತು.

ಇದಕ್ಕೆ ಉತ್ತರವನ್ನು ಪರದೇಶಗಳಿಂದ ತರಬೇಕಾಗಿಲ್ಲ. ಕೆರೆಗಳ ಸರಣಿಯನ್ನು ಕಟ್ಟಿದ ಹಿರಿಯರೇ ಅದನ್ನು ಹೇಳಿಟ್ಟಿದ್ದಾರೆ. ಈ ಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಗೆ ಬರುವ ಹರಿವು. ಆದುದರಿಂದ ಮೇಲಿನ ಊರಿನವರು ತೂಬನ್ನು ಎತ್ತುವಾಗ ಕೆಳಗಿನ ಅಚ್ಚುಕಟ್ಟನ್ನು ನೆನೆಯಬೇಕಾಗಿತ್ತು. ನೀರನ್ನು ಸರದಿಯಂತೆ ಹಂಚಲು ನೀರುಗಂಟಿಯಿದ್ದನು. ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ಗಣನೆಯಾಗಿತ್ತು. ನೀರಿನಲ್ಲಿ ಮಲವಿಸರ್ಜನೆ ಮಾಡುವುದನ್ನು ಸ್ಮೃತಿಕಾರರು ಸ್ಪಷ್ಟವಾಗಿ ನಿಷೇಧಿಸಿದ್ದರು. ಮೇಲಿನ ಕೆರೆಗೆ ಒಂದು ಧರ್ಮವುಂಟು ಎಂಬುದು ಇವೆಲ್ಲದರ ತಾತ್ಪರ್ಯ. ಇಂದು ಕೋಲಾರಕ್ಕೆ ಮೇಲಿನ ಕೆರೆಯಾಗಿರುವುದು ಬೆಂಗಳೂರು ನಗರ. ಅದರ ಕೋಡಿ ಕೋಲಾರಕ್ಕೆ ಬೀಳುತ್ತಿದೆ. ಆ ಧರ್ಮವು ಪಾಲನೆಯಾಗುತ್ತಿದೆಯೇ ಎಂಬುದನ್ನು ವಿಚಾರಿಸಬೇಕು.

ಬೆಂಗಳೂರು ಹೊಳೆಯ ದಡದಲ್ಲಿ ಬೆಳೆದ ಊರಲ್ಲ. ಸುಮಾರು ಮೂರು ಸಾವಿರ ಅಡಿಗಳ ಎತ್ತರದಲ್ಲಿ ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯನ್ನೂ ಅರ್ಕಾವತಿಯನ್ನೂ ಕೂಡಿ ಕಾವೇರಿಗೆ ಹೋಗುವುದು. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣಪಿನಾಕಿನಿಗೆ ಹೋಗುವುದು. ಊರಿನ ಕೆರೆಗಳು ಸಾಲದೆ ಹೋದಾಗ, 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಹೆಸರಘಟ್ಟದಿಂದ ನೀರು ಬಂದಿತು. ಅದೂ ಸಾಲದೆ 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿಗಳ ಸಂಗಮದಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1974ರಲ್ಲಿ ಕಾವೇರಿಯ ಮೊದಲನೆಯ ಹಂತ ಬಂದಿತು. ಸುಮಾರು ನೂರು ಕಿಲೋಮೀಟರುಗಳ ದೂರದಿಂದ, ಸುಮಾರು ಐನೂರು ಮೀಟರುಗಳ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಮೇಲಕ್ಕೆತ್ತಿ ಆ ನೀರನ್ನು ತರಲಾಗುತ್ತದೆ. ನಾಲ್ಕು ಹಂತಗಳು ಮುಗಿದಾಗ ದಿನಕ್ಕೆ ಸುಮಾರು 145 ಕೋಟಿ ಲೀಟರುಗಳಾಗಿದ್ದ ಈ ನೀರಿಗೆ, 2024ರ ಅಕ್ಟೋಬರ್ ತಿಂಗಳಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದಿಂದ ಇನ್ನೂ 77.5 ಕೋಟಿ ಲೀಟರುಗಳು ಸೇರುವಂತಾಯಿತು. ಶಿಲ್ಪಶಾಸ್ತ್ರದ ದೃಷ್ಟಿಯಿಂದ ಇದು ಮಹತ್ಕಾರ್ಯವೇ ಸರಿ. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಬಂದ ನೀರಿನ ಲೆಕ್ಕವನ್ನು ಬರೆದಿಟ್ಟವರು ಹೋದ ನೀರಿನ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟರೇ? ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಚರಂಡಿಗೆ ಹೋಗುವುದೆಂಬುದು ಇಂಜಿನಿಯರುಗಳ ಸಾಮಾನ್ಯ ಗಣನೆ. ಕಾವೇರಿ ನ್ಯಾಯಮಂಡಳಿಯೂ 2007ರ ತೀರ್ಪಿನಲ್ಲಿ, ಗೃಹಬಳಕೆಯ ನೀರಿನಲ್ಲಿ ನಿಜವಾಗಿ ವ್ಯಯವಾಗುವುದು ಐದರಲ್ಲೊಂದು ಪಾಲೆಂದೇ ಎಣಿಸಿತ್ತು. ಅಂದರೆ ಐದು ಹಂತಗಳ ಕಾವೇರಿಯು ಪೂರ್ಣವಾಗಿ ಬಂದ ದಿನ, ಸುಮಾರು 178 ಕೋಟಿ ಲೀಟರುಗಳ ಕೊಳಚೆಯೂ ಹುಟ್ಟಿತೆಂದೇ ಅರ್ಥ. ಕೊಳವೆಬಾವಿಗಳ ನೀರು ಇದರ ಮೇಲೆ ಬೇರೆ. ನಗರಕ್ಕೆ ಬರುವ ಪ್ರತಿಯೊಂದು ಕೊಡ ಗಂಗೆಯ ಹಿಂದೆಯೂ ಮುಕ್ಕಾಲಿಗೂ ಮೀರಿದ ಕೊಡ ಕೊಳಚೆಯು ನಿಂತಿರುವುದು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ಗಾದೆಯುಂಟು. ನಲ್ಲಿಗೆ ಬಂದ ನೀರು ಚರಂಡಿಗೆ ಬಾರದಿರುವುದೇ ಎಂದು ಅದನ್ನು ತಿರುಗಿಸಿ ಹೇಳಬಹುದು.

1964ರಲ್ಲಿ ಶಾಸನದ ಮೂಲಕ ಹುಟ್ಟಿದ ಸಂಸ್ಥೆಗೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಎಂದು ಹೆಸರಿಟ್ಟವರು ಇದನ್ನು ತಿಳಿದವರೇ ಆಗಿದ್ದರು. ಆ ಹೆಸರಿನಲ್ಲಿ ಎರಡು ಕಾರ್ಯಗಳಿವೆ. ನಡುವೆ 'ಮತ್ತು' ಎಂಬ ಸಮುಚ್ಚಯವಿದೆ. ವ್ಯಾಕರಣವನ್ನು ಬಲ್ಲವರಿಗೆ ಸಮುಚ್ಚಯವೆಂದರೆ ಎರಡಕ್ಕೂ ಸಮಪ್ರಾಧಾನ್ಯವೆಂದು ಹೇಳಬೇಕಾಗಿಲ್ಲ. ವ್ಯವಹಾರದಲ್ಲಿಯಾದರೋ ಮೊದಲ ಪದವು ರಾಜನಂತೆಯೂ ಎರಡನೆಯದು ಆಳಿನಂತೆಯೂ ನಡೆದುಬಂದಿವೆ. ನಲ್ಲಿಗೆ ಮಂಗಳಾರತಿಯಾಗುವುದು, ಶುದ್ಧೀಕರಣದ ಘಟಕಕ್ಕೆ, ಕೆರೆಗೆ ಬೆಂಕಿ ಬಿದ್ದ ಮೇಲೆ ಹಣ ಬರುವುದು. ಮುದುಕಿಯ ಅರ್ಧ ಶರೀರವನ್ನು ಬೇಕೆಂದು ಅರ್ಧವನ್ನು ಬೇಡವೆನ್ನುವ ಅರ್ಧಜರತೀಯ ನ್ಯಾಯವನ್ನು ಶಾಸ್ತ್ರಕಾರರು ಹಾಸ್ಯಕ್ಕಾಗಿ ಹೇಳಿದರು. ನಗರವು ಅದನ್ನೇ ಆಡಳಿತದ ಸೂತ್ರವನ್ನಾಗಿ ಮಾಡಿಕೊಂಡಿತು.

ಕೆರೆಗೆ ಬೆಂಕಿ ಬೀಳುವುದು ಅಲಂಕಾರದ ಮಾತಲ್ಲ. ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದಾದ ಬೆಳ್ಳಂದೂರು ಕೆರೆಯು 2015ರ ಮೇ ತಿಂಗಳಿನಲ್ಲಿ ಹೊತ್ತಿ ಉರಿಯಿತು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ, 2018ರ ಜನವರಿಯಲ್ಲಿ ಇನ್ನೊಮ್ಮೆ ಅಲ್ಲಿ ಬೆಂಕಿಯೆದ್ದಿತು. ಸಮುದ್ರದೊಳಗೆ ಬಡಬಾಗ್ನಿಯಿರುವುದೆಂದು ಪುರಾಣಗಳಲ್ಲಿ ಕೇಳಿದ್ದವರು ಅದನ್ನು ಕೆರೆಯ ಮೇಲೆ ಕಣ್ಣಾರೆ ಕಂಡರು. ಕೆರೆಯ ನೊರೆಯು ಗಾಳಿಗೆ ಹಾರಿ ಬೀದಿಯಲ್ಲಿ ಹೋಗುವವರ ಮೈಮೇಲೆ ಬೀಳುತ್ತಿತ್ತು. ಬಹುಕಾಲ ಸರಿಯಾಗಿ ಶುದ್ಧಿಯಾಗದೆ ಹರಿದ ನೀರು, ಅದರೊಡನೆ ಬಂದ ಸಾಬೂನಿನ ಸಾರ, ತಳದಲ್ಲಿ ಕೂಡಿದ ಕೆಸರು, ಮೇಲೆ ಹಬ್ಬಿದ ಕಳೆ, ದಡದಲ್ಲಿ ಸುರಿದ ಕಸ, ಇವೆಲ್ಲ ಸೇರಿ ಒಂದು ಕೆರೆಯನ್ನು ಆ ಸ್ಥಿತಿಗೆ ತಂದವು. ಯಾವ ಕಣಿವೆಯ ಘಟಕಗಳ ನೀರು ಹಿಂದೆ ಆ ಕೆರೆಯ ಕಡೆಗೆ ಹರಿಯುತ್ತಿತ್ತೋ, ಅದೇ ಕಣಿವೆಯ ನೀರು 2018ರಿಂದ ಕೋಲಾರದ ಕಡೆಗೆ ತಿರುಗಿತು.

ಕೋಲಾರವು ಈ ನೀರನ್ನು ಏಕೆ ಒಪ್ಪಿಕೊಂಡಿತು ಎಂಬುದನ್ನೂ ಹೇಳಬೇಕು. ಪಾಲಾರು, ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿಗಳು ನಂದಿಬೆಟ್ಟದ ಸುತ್ತಣ ಗಿರಿಗಳಲ್ಲಿ ಹುಟ್ಟಿದರೂ ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ಕೆರೆಗಳು ಹೂಳು ತುಂಬಿ ಬತ್ತಿದವು; ಬಾವಿಗಳು ಬತ್ತಿದವು; ಕೊಳವೆಬಾವಿಗಳು ಸಾವಿರ ಅಡಿಗಳಿಗೂ ಕೆಳಗೆ ಇಳಿದವು; ಅಲ್ಲಿ ಸಿಕ್ಕ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಎಂಬ ದೋಷವಿತ್ತು. ಹಲ್ಲು ಕಂದಿದ ಮಕ್ಕಳೂ ಮೂಳೆ ಬಾಗಿದ ಮುದುಕರೂ ಇರುವ ಹಳ್ಳಿಗಳಿಗೆ ನೀರು ಬೇಕೇ ಎಂದು ಕೇಳುವುದೇ ಕ್ರೌರ್ಯ. ಪಶ್ಚಿಮಘಟ್ಟದ ಎತ್ತಿನಹೊಳೆಯ ನೀರನ್ನು ತರುವೆವೆಂದು 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲನೆಯ ಹಂತ ಉದ್ಘಾಟನೆಯಾಗುವಾಗ 2024ರ ಸೆಪ್ಟೆಂಬರ್ ಬಂದಿತ್ತು. ಕಾವೇರಿಯ ಶಕ್ತಿಯು ಕೋಲಾರಕ್ಕೆ ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಬಂದಿತು. ಬೆಂಗಳೂರಿಗೆ ಬಂದುದು 1905ರಲ್ಲಿ. ಚಿನ್ನವನ್ನು ತೆಗೆಯಲು ಬೇಕಾದ ಕಾವೇರಿಯ ಬಲವು ನಗರಕ್ಕಿಂತ ಮೊದಲೇ ಇಲ್ಲಿಗೆ ಬಂದಿತು; ಬೆಳೆಯನ್ನು ತೆಗೆಯಲು ಬೇಕಾದ ಕಾವೇರಿಯ ನೀರು ನೂರ ಹದಿನಾರು ವರ್ಷಗಳ ಮೇಲೆ, ನಗರದ ಬಚ್ಚಲುಗಳನ್ನು ದಾಟಿ ಬಂದಿತು. ಈ ಎರಡು ವಾಕ್ಯಗಳಲ್ಲಿ ಜಿಲ್ಲೆಯ ಚರಿತ್ರೆಯ ಬಹುಭಾಗವು ಅಡಗಿದೆ.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಕೊಟ್ಟ ನೀರನ್ನು ಪರೀಕ್ಷಿಸಹೊರಡುವುದು ಸೌಜನ್ಯವಲ್ಲ, ದಾನಕ್ಕೆ ಬಂದ ಹಸುವಿನ ಹಲ್ಲನ್ನು ಎಣಿಸಬಾರದು ಎಂಬುದು ಮೊದಲನೆಯ ಆಕ್ಷೇಪ. ಇದಕ್ಕೆ ಸಮಾಧಾನವೇನೆಂದರೆ, ಇದು ದಾನವೇ ಅಲ್ಲ. ಯೋಜನೆಯ ಪ್ರಮಾಣವು ದಿನಕ್ಕೆ 44 ಕೋಟಿ ಲೀಟರುಗಳು. ವರ್ಷಕ್ಕೆ ಲೆಕ್ಕ ಹಾಕಿದರೆ ಐದೂವರೆ ಟಿ.ಎಂ.ಸಿ.ಗೂ ಮೇಲಾಗುವುದು. ಇಷ್ಟು ನೀರನ್ನು ಎಲ್ಲಿಯಾದರೂ ಬಿಡಲೇಬೇಕಾದುದು ನಗರದ ಅಗತ್ಯ. ನೂರಕ್ಕೂ ಮೇಲ್ಪಟ್ಟ ಕೆರೆಗಳನ್ನು ತೆರೆದಿಟ್ಟು ಅದನ್ನು ಬರಮಾಡಿಕೊಂಡುದು ಜಿಲ್ಲೆಯ ಉಪಕಾರ. ಇಬ್ಬರಿಗೂ ಪ್ರಯೋಜನವಿರುವಲ್ಲಿ ಒಬ್ಬನನ್ನು ದಾತನೆಂದೂ ಇನ್ನೊಬ್ಬನನ್ನು ಯಾಚಕನೆಂದೂ ಕರೆಯುವುದು ತಪ್ಪು. ಒಂದು ವೇಳೆ ದಾನವೆಂದೇ ಒಪ್ಪಿದರೂ, ಕಠೋಪನಿಷತ್ತಿನ ಕಥೆಯನ್ನು ನೆನೆಯಬೇಕು. ಹಾಲು ಬತ್ತಿದ, ಮುದಿಯಾದ ಹಸುಗಳನ್ನು ದಾನಮಾಡುತ್ತಿದ್ದ ತಂದೆಯನ್ನು ಕಂಡು ಬಾಲಕನಾದ ನಚಿಕೇತನಲ್ಲಿ ಶ್ರದ್ಧೆಯು ಹುಟ್ಟಿತು; ಅವನು ಸುಮ್ಮನಿರಲಿಲ್ಲ. ತನಗೆ ಬೇಡವಾದುದನ್ನು ಕೊಟ್ಟು ಪುಣ್ಯವನ್ನು ಬಯಸುವ ದಾನವನ್ನು ಪ್ರಶ್ನಿಸಿದ ಹುಡುಗನನ್ನು ಉಪನಿಷತ್ತು ಅವಿನೀತನೆಂದು ಬಯ್ಯಲಿಲ್ಲ. ಬ್ರಹ್ಮವಿದ್ಯೆಗೆ ಅಧಿಕಾರಿಯನ್ನಾಗಿ ಮಾಡಿತು.

ಎರಡು ಹಂತಗಳ ಶುದ್ಧಿಯೇ ಸಾಕು, ಉಳಿದುದನ್ನು ಮಣ್ಣೇ ಸೋಸಿಕೊಳ್ಳುವುದು ಎಂಬುದು ಎರಡನೆಯ ಆಕ್ಷೇಪ. ಇದು ವಿದ್ಯಾವಂತರ ಬಾಯಲ್ಲಿ ಬರುವ ಮಾತಾದುದರಿಂದ ವಿಸ್ತಾರವಾಗಿ ನೋಡತಕ್ಕದ್ದು. ಮೊದಲನೆಯ ಹಂತದಲ್ಲಿ ಕಸಕಡ್ಡಿಗಳನ್ನು ಜಾಲರಿಗಳಲ್ಲಿ ತಡೆದು, ಮರಳನ್ನೂ ತೂಕವುಳ್ಳ ಮಲಿನವನ್ನೂ ತಳಕ್ಕೆ ಇಳಿಸುತ್ತಾರೆ. ಎರಡನೆಯ ಹಂತದಲ್ಲಿ ಗಾಳಿಯನ್ನು ಊದಿ, ಕಣ್ಣಿಗೆ ಕಾಣದ ಜೀವಾಣುಗಳನ್ನು ಬೆಳೆಸಿ, ನೀರಿನಲ್ಲಿ ಕರಗಿದ ಕೊಳೆಯನ್ನು ಅವುಗಳಿಗೆ ಉಣಿಸಿ, ಆಮೇಲೆ ಆ ಜೀವಾಣುಗಳ ರಾಶಿಯನ್ನು ತಳದಲ್ಲಿ ಬೇರ್ಪಡಿಸುತ್ತಾರೆ. ಇಷ್ಟರಿಂದ ನೀರಿನ ದುರ್ವಾಸನೆಯೂ ಕೊಳೆಯ ಬಹುಭಾಗವೂ ಹೋಗುವುದು ನಿಜ. ಆದರೆ ರಂಜಕ, ಸಾರಜನಕಗಳೆಂಬ ಪೋಷಕಾಂಶಗಳು ಅದಕ್ಕಾಗಿಯೇ ಬೇರೆ ಏರ್ಪಾಡು ಮಾಡದಿದ್ದರೆ ಬಹುಮಟ್ಟಿಗೆ ಉಳಿಯುವುವು. ರೋಗಾಣುಗಳು ಪೂರ್ಣವಾಗಿ ನಾಶವಾಗುವುದಿಲ್ಲ. ಕಾರ್ಖಾನೆಗಳ ಲೋಹಾಂಶವೂ ಮನೆಗಳ ಔಷಧಿಗಳ ಅಂಶವೂ ಪೂರ್ಣವಾಗಿ ಹೋಗುವುದಿಲ್ಲ. ಪೋಷಕಾಂಶಗಳನ್ನು ಇಳಿಸಿ, ಸೂಕ್ಷ್ಮವಾಗಿ ಸೋಸಿ, ರೋಗಾಣುಗಳನ್ನು ಕೊಲ್ಲುವುದೇ ಮೂರನೆಯ ಹಂತ. ಕೋಲಾರದ ಯೋಜನೆಯು ನಿಂತುದು ಆ ಮೂರನೆಯ ಮೆಟ್ಟಿಲನ್ನು ಬಿಟ್ಟು.

ಮಣ್ಣು ಸೋಸುವುದೆಂಬುದೂ ಅರ್ಧಸತ್ಯ. ಆಳವಾದ ಮರಳುಮಣ್ಣಿನ ನೆಲದಲ್ಲಿ ನೀರು ಮೆಲ್ಲಮೆಲ್ಲನೆ ಇಳಿದರೆ ಮಣ್ಣು ಸೋಸುವುದು. ಕೋಲಾರದ ನೆಲದಡಿಯಲ್ಲಿರುವುದು ಗಟ್ಟಿಯಾದ ಕಲ್ಲು. ನೀರು ಇಳಿಯುವುದು ಆ ಕಲ್ಲಿನ ಬಿರುಕುಗಳಲ್ಲಿ. ಬಿರುಕಿನಲ್ಲಿ ಇಳಿಯುವ ನೀರನ್ನು ಯಾವ ಮಣ್ಣು ಎಷ್ಟು ಹೊತ್ತು ಸೋಸೀತು? ಕೆರೆಯ ಪಕ್ಕದಲ್ಲಿಯೇ ಹಳ್ಳಿಯವರು ಕುಡಿಯುವ ಕೊಳವೆಬಾವಿಯಿದ್ದರೆ ಆ ನೀರು ಎಷ್ಟು ದಿನದಲ್ಲಿ ಕೊಡಕ್ಕೆ ಬಂದೀತು? ಇದನ್ನು ಕೆರೆಕೆರೆಗೂ ಪರೀಕ್ಷಿಸಿ ಹೇಳಬೇಕಲ್ಲದೆ, ಮಣ್ಣಿನ ಮೇಲೆ ಭಾರ ಹಾಕಿ ಕೈತೊಳೆದುಕೊಳ್ಳುವುದು ಶಾಸ್ತ್ರವಲ್ಲ.

ನಿಯಮಗಳ ಇತಿಹಾಸವೂ ಕಣ್ತೆರೆಸುವಂತಿದೆ. ನೀರಿನ ಕೊಳೆಯು ಕೊಳೆತು ಕರಗಲು ಎಷ್ಟು ಆಮ್ಲಜನಕವನ್ನು ಹೀರುವುದೆಂಬುದನ್ನು ಬಿ.ಒ.ಡಿ. ಎಂಬ ಅಳತೆಯಿಂದ ಹೇಳುತ್ತಾರೆ. ಅಂಕಿ ಹೆಚ್ಚಿದಷ್ಟೂ ಕೊಳೆ ಹೆಚ್ಚು. 2015ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಕರಡಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಎಂದಿದ್ದ ಮಿತಿಯು, 2017ರ ಅಂತಿಮ ನಿಯಮದಲ್ಲಿ ಮಹಾನಗರಗಳಿಗೆ 20 ಎಂದೂ ಉಳಿದ ಊರುಗಳಿಗೆ 30 ಎಂದೂ ಸಡಿಲವಾಯಿತು. ಕರಡಿನಲ್ಲಿ ಸಾರಜನಕಕ್ಕಿದ್ದ ಮಿತಿಯು ಮಾಯವಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮತ್ತೆ 10ಕ್ಕೆ ಇಳಿಸಬೇಕೆಂದು ಆಜ್ಞೆ ಮಾಡಿತು. ಹೀಗೆ ಬದಲಾದ ಅಂಕಿಯನ್ನು ಹಿಡಿದು, ನಿಯಮಕ್ಕೆ ಒಳಪಟ್ಟಿದೆ, ಇನ್ನೇನು ಬೇಕು ಎಂದು ಕೇಳುವವರಿಗೆ, ಯಾವ ವರ್ಷದ ನಿಯಮಕ್ಕೆ ಎಂದು ಮರುಪ್ರಶ್ನೆ ಹಾಕುವುದು ಅವಿನಯವಲ್ಲ.

ಮೂರನೆಯ ಹಂತಕ್ಕೆ ಹಣವೆಲ್ಲಿದೆ ಎಂಬುದು ಮೂರನೆಯ ಆಕ್ಷೇಪ. ಹಣದ ಅಭಾವವು ಎಲ್ಲ ಕಡೆಗೂ ಸಮಾನವಾಗಿದ್ದರೆ ಈ ಮಾತಿಗೆ ತಲೆಬಾಗಬಹುದಾಗಿತ್ತು. ಬೆಂಗಳೂರಿನಲ್ಲಿಯೇ ಕಬ್ಬನ್ ಪಾರ್ಕಿನ ಗಿಡಗಳಿಗಾಗಿ ಮೂರನೆಯ ಹಂತದ ಘಟಕವಿದೆ. ವಿಮಾನನಿಲ್ದಾಣದ ಉಪಯೋಗಕ್ಕಾಗಿ ಯಲಹಂಕದಲ್ಲಿ ಅಂಥದೇ ಘಟಕವಿದೆ. ನೆರೆಯ ಚೆನ್ನೈ ನಗರವು 2019ರಲ್ಲಿ ಕೋಯಂಬೇಡಿನಲ್ಲಿ ದಿನಕ್ಕೆ 4.5 ಕೋಟಿ ಲೀಟರು ಕೊಳಚೆನೀರನ್ನು ಇನ್ನೂ ಸೂಕ್ಷ್ಮವಾದ ಪೊರೆಗಳ ಮೂಲಕ ಸೋಸಿ ಕಾರ್ಖಾನೆಗಳಿಗೆ ಕೊಡತೊಡಗಿತು. ಕಾರ್ಖಾನೆಯ ಯಂತ್ರವು ಕೆಟ್ಟ ನೀರನ್ನು ಕುಡಿದರೆ ತುಕ್ಕು ಹಿಡಿದು ನಿಂತುಬಿಡುವುದು; ಒಡೆಯನು ಕೂಡಲೆ ದೂರು ಕೊಡುವನು. ಹಳ್ಳಿಯ ಮಗುವು ಕೆಟ್ಟ ನೀರನ್ನು ಕುಡಿದರೆ ಕೂಡಲೆ ಏನೂ ಆಗುವುದಿಲ್ಲ. ಆದಾಗ ಕಾರಣವನ್ನು ಸಿದ್ಧಪಡಿಸುವುದು ಕಷ್ಟ. ಉದ್ಯಾನದ ಹುಲ್ಲಿಗೆ ಮೂರು ಹಂತ, ಕೋಲಾರದ ಕೆರೆಗೆ ಎರಡು ಹಂತ ಎಂಬ ತಾರತಮ್ಯಕ್ಕೆ ಮೂಲವು ಹಣದ ಅಭಾವವಲ್ಲ, ಕೇಳುವವರ ಅಭಾವ. ಕಾವೇರಿಯನ್ನು ಐನೂರು ಮೀಟರು ಏರಿಸಲು ಹಣ ದೊರೆಯಿತು. ಅದನ್ನು ಇಳಿಸುವಾಗ ಒಂದು ಮೆಟ್ಟಿಲು ಕಟ್ಟಲು ಮಾತ್ರ ದೊರೆಯಲಿಲ್ಲವೆಂದರೆ ನಂಬುವುದು ಹೇಗೆ?

ನಾಲ್ಕನೆಯ ಆಕ್ಷೇಪವು ಇನ್ನೊಂದು ಪಕ್ಷದ್ದು. ಕೊಳಚೆಯು ಎಂದಿಗೂ ಕೊಳಚೆಯೇ, ಎಷ್ಟು ಶುದ್ಧಿಮಾಡಿದರೂ ಅದು ಅಪವಿತ್ರವೆಂದು ಕೆಲವು ಮಡಿವಂತರು ಹೇಳುತ್ತಾರೆ. ಈ ಮಾತಿಗೆ ಶಾಸ್ತ್ರದ ಆಧಾರವೂ ಇಲ್ಲ, ಲೋಕದ ಆಧಾರವೂ ಇಲ್ಲ. ಅಶುದ್ಧವಾದುದು ಸಂಸ್ಕಾರದಿಂದ ಶುದ್ಧವಾಗುವುದೆಂಬುದರ ಮೇಲೆಯೇ ಧರ್ಮಶಾಸ್ತ್ರದ ದ್ರವ್ಯಶುದ್ಧಿಪ್ರಕರಣವೆಲ್ಲ ನಿಂತಿದೆ. ಶುದ್ಧಿಯೇ ಅಸಾಧ್ಯವಾಗಿದ್ದರೆ ಆ ಪ್ರಕರಣವನ್ನು ಬರೆಯುವ ಶ್ರಮವೇಕೆ? ಭೂಮಿಯ ಮೇಲಣ ನೀರೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಒಂದಲ್ಲ ಒಂದು ಜೀವಿಯ ಮೈಯನ್ನು ಹಾದುಬಂದ ನೀರೇ. ಸೂರ್ಯನು ಅದನ್ನು ಎತ್ತಿ ಮುಗಿಲಿನಲ್ಲಿ ಶುದ್ಧಿಮಾಡುವನು. ಆಫ್ರಿಕದ ನಮೀಬಿಯ ದೇಶದ ವಿಂಡ್‌ಹುಕ್ ಎಂಬ ನಗರವು 1968ರಿಂದ ಬಳಸಿದ ನೀರನ್ನೇ ಶುದ್ಧಿಮಾಡಿ ಕುಡಿಯುವ ನೀರಿಗೆ ಸೇರಿಸುತ್ತ ಬಂದಿದೆ. ಸಿಂಗಪುರವು 2003ರಿಂದ ಅಂಥ ನೀರಿಗೆ 'ಹೊಸ ನೀರು' ಎಂಬರ್ಥದ ಹೆಸರನ್ನಿಟ್ಟು ಹೆಮ್ಮೆಯಿಂದ ಬಳಸುತ್ತಿದೆ. ಅಲ್ಲಿಯ ಜನರಿಗೆ ಧೈರ್ಯವು ಬಂದುದು ಹೆಸರಿನಿಂದಲ್ಲ. ಹಂತಹಂತವಾಗಿ ಶುದ್ಧಿಮಾಡಿ, ದಿನದಿನವೂ ಅಳೆದುದರಿಂದ. ಆದುದರಿಂದ ಮಡಿಯ ಹೆಸರಿನಲ್ಲಿ ನೀರನ್ನು ತಿರಸ್ಕರಿಸುವವರು ಒಂದು ರೀತಿಯಲ್ಲಿ ಅಧಿಕಾರಿಗಳಿಗೇ ಸಹಾಯ ಮಾಡುತ್ತಾರೆ. ಯಾವ ಶುದ್ಧಿಯಿಂದಲೂ ತೃಪ್ತನಾಗದವನ ಮುಂದೆ ಹೆಚ್ಚು ಶುದ್ಧಿಮಾಡಿ ಪ್ರಯೋಜನವೇನು ಎಂದು ಅವರು ಹೇಳಿಬಿಡಬಹುದು.

ಸತ್ಯವನ್ನು ಮುಚ್ಚಬಾರದು. ಈ ನೀರು ಬಂದ ಮೇಲೆ ಕೆರೆಗಳ ಆಸುಪಾಸಿನಲ್ಲಿ ಅಂತರ್ಜಲವು ಏರಿದೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಾಣಿಸಿಕೊಂಡಿದೆ. ಹಿಪ್ಪುನೇರಳೆ, ತರಕಾರಿಗಳು ಮತ್ತೆ ಚಿಗುರಿವೆ. ಊರು ಬಿಟ್ಟು ಕೂಲಿಗೆ ಹೋಗಬೇಕಾಗಿದ್ದವನು ಹೊಲದಲ್ಲಿ ನಿಂತಿದ್ದಾನೆ. ಇದು ಸಾಮಾನ್ಯವಾದ ಲಾಭವಲ್ಲ. ಈ ಲಾಭವು ದೊಡ್ಡದಾದುದರಿಂದಲೇ ಅದನ್ನು ಕೆಡದಂತೆ ಕಾಯಬೇಕಾದುದು. ಮೇಲಿನ ಕೆರೆಯನ್ನು ತೊಳೆದು ಮತ್ತೆ ತುಂಬಬಹುದು. ಕಲ್ಲಿನ ಬಿರುಕುಗಳಲ್ಲಿ ಕೂಡಿದ ಅಂತರ್ಜಲವು ಒಮ್ಮೆ ಕೆಟ್ಟರೆ ಅದನ್ನು ತೊಳೆಯುವ ಉಪಾಯವಿಲ್ಲ. ಇಂದಿನ ಬೆಳೆಗಾಗಿ ಮೊಮ್ಮಕ್ಕಳ ಬಾವಿಯನ್ನು ಒತ್ತೆಯಿಟ್ಟವರು ಯಾರೆಂದು ಮುಂದೆ ಕೇಳುವ ಕಾಲ ಬಾರದಿರಬೇಕು.

ಹಾಗಾದರೆ ಈ ನೀರಿಗೆ ಹೊಣೆಗಾರರು ಯಾರು? ಶುದ್ಧಿಮಾಡುವುದು ಜಲಮಂಡಳಿ, ಎತ್ತಿ ಸಾಗಿಸುವುದು ಸಣ್ಣ ನೀರಾವರಿ ಇಲಾಖೆ, ಪರೀಕ್ಷೆಯು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದುದು, ಕುಡಿಯುವ ಬಾವಿಯು ಗ್ರಾಮಪಂಚಾಯಿತಿಯದು. ಒಬ್ಬನನ್ನು ಕೇಳಿದರೆ ಇನ್ನೊಬ್ಬನ ಕಡೆಗೆ ಬೆರಳು ತೋರಿಸಲು ನಾಲ್ಕು ದಿಕ್ಕುಗಳೂ ತೆರೆದಿವೆ. ನೀರಿಗೆ ಮಾತ್ರ ಈ ವಿಭಾಗ ತಿಳಿಯದು. ಅದು ನಾಲ್ವರ ಕೈಯನ್ನೂ ದಾಟಿ ಒಂದೇ ಲೋಟಕ್ಕೆ ಬರುವುದು. ಲೋಟವನ್ನು ಹಿಡಿದವನಿಗೆ ಉತ್ತರ ಹೇಳುವವನೂ ಒಬ್ಬನೇ ಇರಬೇಕು. ಹಿಂದೆ ನೀರುಗಂಟಿಯು ಓದುಬರಹ ಬಾರದವನಾಗಿದ್ದರೂ ಕೆರೆಗೆ ಅವನೊಬ್ಬನು ಹೊಣೆಯಾಗಿದ್ದನು. ಅವನ ಮನೆಯ ಬಾಗಿಲು ಊರಿನವರೆಲ್ಲರಿಗೂ ಗೊತ್ತಿತ್ತು.

ಜಿಲ್ಲೆಯು ಕೇಳಬೇಕಾದುದು ಬಹಳವಿಲ್ಲ. ನಗರವನ್ನು ಬಿಡುವ ಮೊದಲೇ ನೀರಿಗೆ ಮೂರನೆಯ ಹಂತದ ಶುದ್ಧಿಯಾಗಲಿ. ಕಾರ್ಖಾನೆಗಳ ವಿಷಜಲವು ಮನೆಗಳ ಚರಂಡಿಗೆ ಸೇರದಂತೆ ಅದು ಹುಟ್ಟುವಲ್ಲಿಯೇ ತಡೆಯಾಗಲಿ. ಕೆಸರನ್ನು ಮೆತ್ತಿಕೊಂಡು ತೊಳೆಯುವುದಕ್ಕಿಂತ ಮುಟ್ಟದಿರುವುದು ಲೇಸೆಂಬ ಪಂಕಪ್ರಕ್ಷಾಲನ ನ್ಯಾಯವು ಹೇಳುವುದೂ ಇದನ್ನೇ. ಕೆರೆಯ ನೀರನ್ನೂ ಸುತ್ತಣ ಬಾವಿಗಳ ನೀರನ್ನೂ ಸರ್ಕಾರಕ್ಕೆ ಸೇರದ ತಜ್ಞರು ತಿಂಗಳು ತಿಂಗಳೂ ಪರೀಕ್ಷಿಸಲಿ. ಫಲಿತಾಂಶವನ್ನು ಕನ್ನಡದಲ್ಲಿ, ಸಾಮಾನ್ಯ ರೈತನಿಗೆ ತಿಳಿಯುವ ಮಾತುಗಳಲ್ಲಿ, ಪ್ರತಿಯೊಂದು ಪಂಚಾಯಿತಿಯ ಬಾಗಿಲಲ್ಲಿ ಬರೆದು ತೂಗುಹಾಕಲಿ. ದೋಷವು ಕಂಡ ದಿನ ತೂಬನ್ನು ಮುಚ್ಚಿಸುವ ಅಧಿಕಾರವು ಒಬ್ಬ ನಿಯತವಾದ ಅಧಿಕಾರಿಗೆ ಇರಲಿ. ಅವನ ಹೆಸರು ಜನರಿಗೆ ತಿಳಿದಿರಲಿ. ಇವುಗಳಲ್ಲಿ ಯಾವುದೊಂದೂ ಅಸಾಧ್ಯವಲ್ಲ. ಯಾವುದೊಂದೂ ಭಿಕ್ಷೆಯೂ ಅಲ್ಲ.

ನಗರದ ಗೃಹಸ್ಥರು ಇದು ಕೋಲಾರದವರ ಗೋಳೆಂದು ಪುಟವನ್ನು ಮಗುಚಬಾರದು. ಸುಂಕವನ್ನು ತಪ್ಪಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಕಾಡುದಾರಿಯಲ್ಲಿ ಗಾಡಿ ಹೊಡೆದವನು ಬೆಳಗಾದಾಗ ನೋಡಿದರೆ ಸುಂಕದ ಕಟ್ಟೆಯ ಮುಂದೆಯೇ ನಿಂತಿದ್ದನಂತೆ. ಇದನ್ನು ಘಟ್ಟಕುಟೀಪ್ರಭಾತ ನ್ಯಾಯವೆನ್ನುತ್ತಾರೆ. ಕೋಲಾರದ ಟೊಮೆಟೊ ಮಾರುಕಟ್ಟೆಯು ದೇಶದಲ್ಲಿಯೇ ದೊಡ್ಡವುಗಳಲ್ಲಿ ಒಂದು. ಅಲ್ಲಿಯ ತರಕಾರಿ, ಹಾಲು, ಸೊಪ್ಪು ನಿತ್ಯವೂ ಬೆಳಗಿನ ಜಾವಕ್ಕೆ ಬೆಂಗಳೂರಿನ ಅಡಿಗೆಮನೆಗಳಿಗೆ ಹೋಗುವುವು. ಬಚ್ಚಲಿನಿಂದ ಹೋದುದು ಹೋಯಿತೆಂದು ನಗರವು ಭಾವಿಸಿದ ನೀರು ಕೋಲಾರದ ಹೊಲಗಳನ್ನು ಸುತ್ತಿ, ಅದೇ ಮನೆಯ ಸಾರಿನ ಪಾತ್ರೆಗೆ ಹಿಂದಿರುಗುವುದು. ಆ ಸುಂಕವನ್ನು ಘಟಕದಲ್ಲಿ ಹಣವಾಗಿ ತೆತ್ತರೆ ಸ್ವಲ್ಪದಲ್ಲಿ ಮುಗಿಯುವುದು. ಊಟದ ಎಲೆಯ ಮುಂದೆ ತೆರುವಂತಾದರೆ ಅದಕ್ಕೆ ಲೆಕ್ಕವಿರುವುದಿಲ್ಲ.

ಕೋಲಾರದ ಬೆಟ್ಟದ ಮೇಲೆ, ಕಲ್ಲಿನ ಬಸವನ ಬಾಯಿಂದ ತಿಳಿಯಾದ ನೀರು ಸುರಿಯುವ ತೀರ್ಥಕ್ಕೆ ಅಂತರಗಂಗೆಯೆಂದು ಹೆಸರು. ಕೊಳಚೆ ನಿಂತ ಕೆರೆಗಳ ಮೇಲೆ ಹಸುರು ಹಾಸಿನಂತೆ ಹಬ್ಬಿ, ನೀರಿಗೆ ಬೆಳಕೂ ಗಾಳಿಯೂ ಸೋಕದಂತೆ ಮಾಡುವ ಕಳೆಗೂ ಜನರು ಅಂತರಗಂಗೆಯೆಂದೇ ಹೆಸರಿಟ್ಟಿದ್ದಾರೆ. ಹೆಸರು ಒಂದೇ, ವಸ್ತು ಎರಡು. ಈ ಸೀಮೆಯ ಕೆರೆಗಳಲ್ಲಿ ಮುಂದೆ ಯಾವ ಅಂತರಗಂಗೆಯು ನೆಲಸುವುದೆಂಬುದನ್ನು ನಿರ್ಣಯಿಸುವುದು ಮಳೆಯಲ್ಲ, ದೈವವೂ ಅಲ್ಲ. ಮೇಲಿನ ಕೆರೆಯವರು ತಮ್ಮ ಕೋಡಿಯ ಧರ್ಮವನ್ನು ಒಪ್ಪುವರೋ ಇಲ್ಲವೋ ಎಂಬುದು, ಮತ್ತು ಕೆಳಗಿನ ಕೆರೆಯವರು ಅದನ್ನು ತಲೆಯೆತ್ತಿ ಕೇಳುವರೋ ಇಲ್ಲವೋ ಎಂಬುದು.